ಏಳು ಕಿಲೋದೊಳಗೆ ಒಂದು ತಿಂಗಳು

ಏಪ್ರಿಲ್ ಮುಗಿಯುತ್ತ ಬಂದ ಹಾಗೆ ಪುಣೆಯ ಹತ್ತಿರದ ಚಾಕಣದ ಕನ್ನಡದ ಮನೆಗಳಲ್ಲಿ ಎರಡು ಲೆಕ್ಕಗಳು ಒಟ್ಟಿಗೇ ಶುರುವಾಗುತ್ತವೆ. ಮಕ್ಕಳ ಶಾಲೆಗೆ ಜೂನ್ ಮಧ್ಯದವರೆಗೆ ಬಿಡುವಿದೆ, ಯಜಮಾನರ ರಜೆ ಎಷ್ಟು ದಿನ ಮಂಜೂರಾದೀತು ಎಂಬುದು ಒಂದು. ಏನೇನು ಒಯ್ಯಬೇಕು ಎಂಬುದು ಇನ್ನೊಂದು. ಬಜಾಜ್, ಮಹೀಂದ್ರಾ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಕಾರ್ಖಾನೆಗಳೂ ಅವಕ್ಕೆ ಬಿಡಿಭಾಗ ಮಾಡಿಕೊಡುವ ಘಟಕಗಳೂ ತುಂಬಿರುವ ಈ ಊರಿಗೆ ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಕಡೆಯಿಂದ ಬಂದು ನೆಲೆಸಿದವರಿದ್ದಾರೆ. ವರ್ಷಕ್ಕೊಮ್ಮೆ ಸಿಗುವ ದೊಡ್ಡ ರಜೆಯಲ್ಲಿ ಅವರು ಒಂದೇ ಊರಿಗೆ ಹೋಗಿ ಬರುವುದಿಲ್ಲ. ತವರಿನಲ್ಲಿ ಹತ್ತು ದಿನ, ಗಂಡನ ಮನೆಯಲ್ಲಿ ಹತ್ತು ದಿನ, ನಡುವೆ ಎರಡು ಲಗ್ನ, ಹರಕೆಯಿದ್ದರೆ ಧರ್ಮಸ್ಥಳ, ಉಡುಪಿ. ಮಕ್ಕಳು ಹಟ ಮಾಡಿದರೆ ಮಡಿಕೇರಿ. ಬರುವಾಗ ಬೆಂಗಳೂರಿನ ಅಕ್ಕನ ಮನೆ. ಬಿರುಬಿಸಿಲು, ಬೆವರು, ಮಳೆ, ಚಳಿ ನಾಲ್ಕೂ ಒಂದೇ ಪ್ರವಾಸದಲ್ಲಿ.

ಇದಕ್ಕೆಲ್ಲ ಬಟ್ಟೆ ಎಷ್ಟು ಬೇಕು? ದಿನಕ್ಕೊಂದರಂತೆ ಲೆಕ್ಕ ಹಾಕುವವರು ಅಟ್ಟದ ಮೇಲಿನ ದೊಡ್ಡ ಸೂಟ್‌ಕೇಸ್ ಇಳಿಸುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ. ರಜೆ ಒಂದು ತಿಂಗಳದ್ದಾದರೂ ಒಂದು ವಾರದ ಬಟ್ಟೆ ಸಾಕು. ಅದು ವಿಮಾನದೊಳಕ್ಕೆ ಕೈಯಲ್ಲಿ ಹಿಡಿದೊಯ್ಯುವ ಚೀಲದಲ್ಲಿ ಹಿಡಿಯುತ್ತದೆ. ಹೀಗೆ ಹೋದವರು ಸೂಟ್‌ಕೇಸ್ ಹೊತ್ತವರಿಗಿಂತ ಚೆಂದವಾಗಿಯೇ ಕಾಣುತ್ತಾರೆ, ಯಾಕೆಂದರೆ ಅವರು ಉಡುವ ಒಂದೊಂದೂ ಆರಿಸಿದ ಬಟ್ಟೆ.

ಚಾಕಣದವರಿಗೆ ಚಿಕ್ಕ ಚೀಲ ಯಾಕೆ ಬೇಕೆಂಬುದು ಇಲ್ಲಿಯ ರಸ್ತೆ ಕಂಡವರಿಗೆ ಗೊತ್ತು. ಪುಣೆ–ನಾಸಿಕ ಹೆದ್ದಾರಿಯ ತಳೇಗಾವ ಚೌಕ, ಆಂಬೇಠಾಣ ಚೌಕಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಕಂಟೇನರ್ ಲಾರಿಗಳೂ ಕಾರ್ಖಾನೆಯ ಬಸ್ಸುಗಳೂ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಲೋಹಗಾವದ ವಿಮಾನ ನಿಲ್ದಾಣವಾಗಲಿ, ಪುಣೆಯ ರೈಲು ನಿಲ್ದಾಣವಾಗಲಿ, ಸ್ಲೀಪರ್ ಬಸ್ಸು ಹಿಡಿಯುವ ನಿಗಡಿ, ವಾಕಡ ಆಗಲಿ, ಯಾವುದೂ ಮನೆಯ ಪಕ್ಕದಲ್ಲಿಲ್ಲ. ರಿಕ್ಷಾದಿಂದ ಬಸ್ಸಿಗೆ, ಬಸ್ಸಿನಿಂದ ರೈಲಿಗೆ, ಮೀರಜದಲ್ಲಿ ಇಳಿದು ಇನ್ನೊಂದು ರೈಲಿಗೆ ಹತ್ತಬೇಕು. ಒಂದು ಕೈಯಲ್ಲಿ ಮಗುವಿದ್ದರೆ ಇನ್ನೊಂದು ಕೈಗೆ ಎಷ್ಟು ಭಾರ ತಡೆದೀತು? 2024ರ ಸೆಪ್ಟೆಂಬರಿನಿಂದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಓಡುತ್ತಿರುವುದು ನಮ್ಮ ಕಡೆಯವರಿಗೆ ದೊಡ್ಡ ಅನುಕೂಲ. ಸುಮಾರು ಎಂಟೂವರೆ ತಾಸಿನಲ್ಲಿ ಸಾತಾರಾ, ಮೀರಜ, ಬೆಳಗಾವಿ, ಧಾರವಾಡ ದಾಟಿ ಹುಬ್ಬಳ್ಳಿ ತಲುಪುತ್ತದೆ. ಆದರೆ ಅದು ಕುರ್ಚಿಗಳ ರೈಲು. ಹಳೆಯ ಬೋಗಿಗಳಲ್ಲಿದ್ದಂತೆ ಸೀಟಿನ ಕೆಳಗೆ ಟ್ರಂಕು ತಳ್ಳುವ ಜಾಗ ಅಲ್ಲಿಲ್ಲ. ತಲೆಯ ಮೇಲಿನ ಹಲಗೆಯಲ್ಲಿ ಕೂರುವಷ್ಟು ಚೀಲವಿದ್ದರೆ ಮಾತ್ರ ಪ್ರಯಾಣ ಆರಾಮ.

ಅಳತೆಯ ಮಾತಿಗೆ ಬರೋಣ. ನಮ್ಮ ದೇಶದೊಳಗಿನ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಒಬ್ಬರಿಗೆ ಒಂದು ಕೈಚೀಲ, 7 ಕಿಲೋ ಮೀರಬಾರದು. ಉದ್ದ, ಅಗಲ, ದಪ್ಪ ಮೂರನ್ನೂ ಕೂಡಿದರೆ 115 ಸೆಂಟಿಮೀಟರಿನೊಳಗಿರಬೇಕು. ಹೆಂಗಸರ ಪರ್ಸು ಅಥವಾ ಲ್ಯಾಪ್‌ಟಾಪ್ ಚೀಲ ಬೇರೆ. ರೈಲಿನಲ್ಲಿ ಇಷ್ಟು ಬಿಗಿಯಿಲ್ಲ, ಸ್ಲೀಪರ್ ಮತ್ತು ಮೂರು ಹಂತದ ಎಸಿ ಬೋಗಿಗಳಲ್ಲಿ 40 ಕಿಲೋವರೆಗೆ ಶುಲ್ಕವಿಲ್ಲ. ಆದರೂ ರೈಲಿಗೆ ಹೋಗುವವರು ಸಹ ವಿಮಾನದ ಅಳತೆಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಆ ಏಳು ಕಿಲೋದಲ್ಲಿ ಚೀಲದ ತೂಕವೂ ಸೇರಿದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಗಾಲಿ, ಹಿಡಿಕೆ ಇರುವ ಗಟ್ಟಿ ಪೆಟ್ಟಿಗೆ ಖಾಲಿಯಿದ್ದಾಗಲೇ ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ. ಬೆನ್ನಿಗೆ ಹಾಕುವ ಮೆತ್ತನೆಯ ಚೀಲ ಒಂದು ಕಿಲೋದ ಆಸುಪಾಸು.

ಸೂಟ್‌ಕೇಸಿಗೆ ಗಾಲಿ ಬಂದದ್ದು ತೀರ ಈಚೆಗೆ. ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕದವರಿಗೆ 1972ರಲ್ಲಿ ಅದರ ಪೇಟೆಂಟ್ ಸಿಕ್ಕಿತು. ನಿಲ್ಲಿಸಿ ಎಳೆಯುವ ಈಗಿನ ರೂಪವನ್ನು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ 1987ರ ಸುಮಾರಿಗೆ ತಂದರು. ನುಣುಪಾದ ನೆಲದ ನಿಲ್ದಾಣಗಳಿಗೆ ಹುಟ್ಟಿದ ವಸ್ತು ಅದು. ಬಸವನಬಾಗೇವಾಡಿಯ ಬಸ್ ನಿಲ್ದಾಣದಿಂದ ಹಳ್ಳಿಯ ಓಣಿಯೊಳಗಿನ ಮನೆಯವರೆಗೆ ಆ ಗಾಲಿಗಳು ಉರುಳುವುದಿಲ್ಲ, ಪೆಟ್ಟಿಗೆಯನ್ನು ಎತ್ತಿಯೇ ಒಯ್ಯಬೇಕು. ಆದ್ದರಿಂದ ನನ್ನ ಮತ ಮೆತ್ತನೆಯ ಚೀಲಕ್ಕೆ. ಮೊಣಕಾಲು, ಬೆನ್ನು ನೋವಿದ್ದವರಿಗೆ ಮಾತ್ರ ಗಾಲಿ ಬೇಕೇ ಬೇಕು, ಅಂಥವರು ಬಟ್ಟೆಯ ಹೊದಿಕೆಯ ಹಗುರ ಟ್ರಾಲಿ ಆರಿಸಲಿ.

ಕಡಿಮೆ ಬಟ್ಟೆಯನ್ನು ಕೂಡಿಸಿ ಕಳೆದು ಹಲವು ಉಡುಪು ಮಾಡಿಕೊಳ್ಳುವ ವಿಚಾರವನ್ನು ಪಶ್ಚಿಮದವರು ಹೊಸದೆಂಬಂತೆ ಹೇಳುತ್ತ ಬಂದಿದ್ದಾರೆ. ಲಂಡನ್ನಿನ ಅಂಗಡಿಯೊಡತಿ ಸೂಸಿ ಫೋ 1970ರ ದಶಕದಲ್ಲಿ ಅದನ್ನು ಪ್ರಚಾರ ಮಾಡಿದರು. ನ್ಯೂಯಾರ್ಕಿನ ವಿನ್ಯಾಸಗಾರ್ತಿ ಡೊನ್ನಾ ಕರನ್ 1985ರಲ್ಲಿ ಏಳೇ ಉಡುಪುಗಳ ಒಂದು ಸಂಗ್ರಹ ತಂದು ಹೆಸರಾದರು. ಅವೆಲ್ಲ ಕತ್ತರಿಸಿ ಹೊಲಿದ ಉಡುಪುಗಳು. ನಮ್ಮ ಸೀರೆಗೆ ಹೊಲಿಗೆಯೇ ಇಲ್ಲ. ಐದೂವರೆ ಮೀಟರಿನ ಒಂದೇ ತುಂಡು ತಾಯಿಗೂ ಆಗುತ್ತದೆ, ಮಗಳಿಗೂ ಆಗುತ್ತದೆ, ಮೈ ತುಂಬಿದರೂ ಇಳಿದರೂ ಆಗುತ್ತದೆ. ಕುಬಸ ಬದಲಿಸಿದರೆ ಅದೇ ಸೀರೆ ಗುಡಿಗೂ ಸೈ, ಲಗ್ನಕ್ಕೂ ಸೈ. ರಜೆಯ ಚೀಲವನ್ನು ಸೀರೆಯಿಂದ ಶುರುಮಾಡಿದರೆ ಲೆಕ್ಕ ಸಲೀಸಾಗುತ್ತದೆ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಮೊದಲು ಒಂದು ಇಳಕಲ್ ಸೀರೆ. ಚಿಕ್ಕಿ ಪರಾಸ ಅಥವಾ ಗೋಮಿ ದಡಿಯದು, ಒಡಲು ಗಾಢ ಬಣ್ಣದ್ದು. ಕಡುನೀಲಿ ಅಥವಾ ದಾಳಿಂಬೆ ಬಣ್ಣವಾದರೆ ಪ್ರಯಾಣದ ಧೂಳು ಕಾಣುವುದಿಲ್ಲ. ಇಳಕಲ್ಲಿನ ನೇಕಾರರು ಒಡಲಿನ ಹಾಸು ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಬಿಳಿಯ ತೋಪು ತೆನೆ ಮೂಡಿದ ಕೆಂಪು ಸೆರಗು ಹೀಗೆ ಬೇರೆಯಾಗಿ ಎದ್ದು ಕಾಣುವುದರಿಂದ ಈ ಸೀರೆಗೆ ಆಭರಣ ಹೆಚ್ಚು ಬೇಡ. ಕೊರಳಲ್ಲಿ ತಾಳಿಸರ, ಕಿವಿಗೆ ಬೆಂಡೋಲೆ ಇದ್ದರೆ ಸೀಮಂತಕ್ಕೂ ಕುಳಿತುಕೊಳ್ಳಬಹುದು. ಹತ್ತಿಯ ಒಡಲಾದ್ದರಿಂದ ವಿಜಯಪುರದ ಬಿಸಿಲಿಗೂ ಹಿತ. ಹೊಸ ಸೀರೆಯಾದರೆ ಹೊರಡುವ ಮೊದಲೇ ಉಪ್ಪು ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಬಣ್ಣ ಬಿಡುತ್ತದೆಯೋ ಎಂದು ನೋಡಿಕೊಳ್ಳಬೇಕು. ಪರರ ಮನೆಯ ಬಕೆಟ್ಟಿನಲ್ಲಿ ಆ ಪರೀಕ್ಷೆ ಬೇಡ.

ಎರಡನೆಯದು ಮೈಸೂರು ರೇಷ್ಮೆ. ಲಗ್ನವೆಂದರೆ ಕಂಚಿ ಸೀರೆಯೇ ಆಗಬೇಕೆಂಬ ಭಾವನೆ ಇದೆ. ಕಂಚಿಯ ಭಾರಿ ಜರಿ ಸೀರೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಗುತ್ತದೆ, ಮಡಿಕೆಯ ಗೆರೆ ಬಿದ್ದರೆ ಹೋಗುವುದಿಲ್ಲ. ಮೈಸೂರಿನ ಕ್ರೇಪ್ ರೇಷ್ಮೆ ಅದರ ಅರ್ಧ ತೂಕದ ಸುಮಾರಿನದು. ನೂಲನ್ನು ಬಹಳ ಹುರಿಗೊಳಿಸಿ ನೇಯುವುದರಿಂದ ಆ ಬಟ್ಟೆ ಸುಕ್ಕನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ರಾತ್ರಿ ಗೂಟಕ್ಕೆ ನೇತುಹಾಕಿದರೆ ಬೆಳಿಗ್ಗೆಯ ಹೊತ್ತಿಗೆ ತಾನೇ ಬಿಚ್ಚಿಕೊಂಡಿರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯ ಪರಂಪರೆ ಅದು. ಈಗ ನಡೆಸುತ್ತಿರುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ ಇರುತ್ತದೆಂದು ಹೇಳುತ್ತದೆ. ಬರಿಯ ಒಂದು ಬಣ್ಣ, ಸಣ್ಣ ಜರಿಯಂಚು ಇರುವುದನ್ನು ಆರಿಸಿ. ಎರಡೂ ಲಗ್ನಗಳಿಗೆ ಅದೇ ನಡೆಯುತ್ತದೆ. ಮೂರನೆಯದು ಮನೆಯಲ್ಲಿ, ಗುಡಿಯಲ್ಲಿ ಉಡಲು ಗಂಜಿ ಬೇಡದ ಮೆತ್ತನೆಯ ಹತ್ತಿ ಸೀರೆ.

ಇನ್ನು ಈ ಮೂರು ಸೀರೆಗಳನ್ನು ಹಲವಾಗಿಸುವುದು ಕುಬಸಗಳ ಕೆಲಸ. ಗುಳೇದಗುಡ್ಡದ ಖಣದ್ದು ಒಂದು, ಕಪ್ಪು ಅಥವಾ ಗಿಳಿಹಸಿರು. ಇಳಕಲ್ಲಿಗೆ ಖಣ ಹುಟ್ಟು ಜೋಡಿ, ಆದರೆ ಬರಿಯ ಬಣ್ಣದ ಮೈಸೂರು ರೇಷ್ಮೆಗೆ ಅದನ್ನು ತೊಟ್ಟು ನೋಡಿ, ಸೀರೆಯೇ ಬೇರೆಯಾಗುತ್ತದೆ. ತೋಳಿಗೆ ಸ್ವಲ್ಪ ಜರಿಯಿರುವ ರೇಷ್ಮೆಯದು ಇನ್ನೊಂದು, ಬಿಳಿ ಅಥವಾ ಕೆನೆ ಬಣ್ಣದ ಹತ್ತಿಯದು ಮತ್ತೊಂದು. ಒಂದು ಖಣದಿಂದ ತೋಳಿಲ್ಲದ ಜಾಕೀಟು ಹೊಲಿಸಿಕೊಂಡರೆ ಬಿಳಿ ಕುರ್ತಾದ ಮೇಲೆ ಹಾಕಿ ಬೆಂಗಳೂರಿನ ಯಾವ ಹೋಟೆಲಿಗೂ ಊಟಕ್ಕೆ ಹೋಗಬಹುದು. ಕಸೂತಿ ಹಾಕಿದ ದುಪಟ್ಟಾ ಒಂದಿರಲಿ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಎಳೆ ಎಣಿಸಿ ಹಾಕುವಂಥವು, ಗಂಟಿಲ್ಲದೆ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಮೂಡುತ್ತವೆ. ಹೇಗೆ ಹೊದ್ದರೂ ಅದಕ್ಕೆ ಹಿಂಬದಿ ಎಂಬುದಿಲ್ಲ. ಧಾರವಾಡದ ಹೆಣ್ಣುಮಕ್ಕಳ ಕೈಯ ಈ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು.

ತೂಕ ಕೂಡಿಸಿ ನೋಡೋಣ. ಮೂರು ಸೀರೆ ಸುಮಾರು 1,400 ಗ್ರಾಂ. ಕುಬಸ, ಜಾಕೀಟು, ಒಂದು ಪರಕರ ಸೇರಿ 700. ಎರಡು ಕುರ್ತಾ, ಒಂದು ಸಡಿಲ ಪ್ಯಾಂಟು, ದುಪಟ್ಟಾ 900. ರಾತ್ರಿಯ ಉಡುಪು, ಒಳಉಡುಪು 600. ಎರಡನೆಯ ಜೋಡಿ ಚಪ್ಪಲಿ 400, ಸೋಪು, ಎಣ್ಣೆ, ಔಷಧಿ, ಚಾರ್ಜರು 400. ಎಲ್ಲ ಕೂಡಿ 4,400 ಗ್ರಾಂ, ಚೀಲ ಸೇರಿದರೆ ಐದೂವರೆ ಕಿಲೋದೊಳಗೆ. ಇನ್ನೂ ಒಂದೂವರೆ ಕಿಲೋ ಉಳಿಯಿತು. ಜೀನ್ಸ್ ಮತ್ತು ದಪ್ಪ ಬೂಟು ಒಯ್ಯಲೇಬೇಕಾದರೆ ಅವನ್ನು ತೊಟ್ಟುಕೊಂಡು ಹೊರಡಿ. ಮೈಮೇಲಿನದನ್ನು ಯಾರೂ ತೂಗುವುದಿಲ್ಲ.

ಇಲ್ಲಿ ಎದ್ದು ಬರುವ ಆಕ್ಷೇಪ ನನಗೆ ಗೊತ್ತು. ಲಗ್ನದ ಪಂಕ್ತಿಯಲ್ಲಿ ಚಿಗವ್ವ ಕೇಳಿಯೇ ಕೇಳುತ್ತಾಳೆ: “ಇದs ಸೀರಿ ಹ್ವಾದ ವರ್ಷನೂ ಉಟ್ಟಿದ್ದೆಲ್ಲವಾ?” ಈಗ ಅದರ ಮೇಲೆ ಮೊಬೈಲಿನ ಫೋಟೊಗಳ ಹೆದರಿಕೆಯೂ ಸೇರಿದೆ. ಒಂದು ಫೋಟೊದಲ್ಲಿ ಕಂಡ ಸೀರೆ ಇನ್ನೊಂದರಲ್ಲಿ ಕಾಣಬಾರದೆಂದು ಸಾಲ ಮಾಡಿ ಸೀರೆ ಕೊಳ್ಳುವವರಿದ್ದಾರೆ. ಇದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ದಿನಗಟ್ಟಲೆ ಮಗ್ಗದ ಮುಂದೆ ಕುಳಿತು ನೇಯ್ದ ಸೀರೆಯನ್ನು ಒಂದೇ ಸಲ ಉಟ್ಟು ಬೀರುವಿನಲ್ಲಿ ಮುಚ್ಚಿಡುವುದು ನೇಕಾರನಿಗೂ ಗೌರವವಲ್ಲ, ಉಟ್ಟವಳಿಗೂ ಅಲ್ಲ. ಚಿಗವ್ವನಿಗೆ “ಹೌದು ಚಿಗವ್ವಾ, ಇದs ನನಗ ಚಲೋ ಒಪ್ಪತೈತಿ” ಎಂದು ಹೇಳಿ. ಗದಗದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಗಾಯಕ ಪಂಡಿತ ಭೀಮಸೇನ ಜೋಶಿಯವರು ಕಛೇರಿಗಳಿಗಾಗಿ ಎಷ್ಟೊಂದು ವಿಮಾನ ಹತ್ತಿ ಇಳಿಯುತ್ತಿದ್ದರೆಂದರೆ ಮರಾಠಿ ಲೇಖಕ ಪು.ಲ. ದೇಶಪಾಂಡೆಯವರು ಅವರನ್ನು ‘ಹವಾಯಿ ಗಂಧರ್ವ’ ಎಂದು ಕರೆದರು. ಜುಬ್ಬ, ಪಾಯಿಜಾಮ, ಹೆಗಲಿಗೊಂದು ಶಾಲು ಎಂದರೆ ಈಗಲೂ ನಮ್ಮ ಕಣ್ಣಿಗೆ ಕಟ್ಟುವುದು ಅವರೇ. ಒಬ್ಬರ ಶೈಲಿ ನೆನಪಿನಲ್ಲಿ ಉಳಿಯುವುದು ಅದು ಮತ್ತೆ ಮತ್ತೆ ಕಂಡಾಗಲೇ.

ಗಂಡಸರ ಚೀಲ ಇನ್ನೂ ಹಗುರಾಗಬಹುದು. ಖಾದಿ ನೆಹರು ಶರ್ಟು ಎರಡು, ಅರ್ಧ ತೋಳಿನ ಅಂಗಿ ಎರಡು, ಗಾಢ ಬಣ್ಣದ ಪ್ಯಾಂಟು ಒಂದು, ಮೈಮೇಲೊಂದು. ಇದರ ಜೊತೆ ಪಂಚೆ, ಶಲ್ಯ ಮರೆಯಬಾರದು. ಧರ್ಮಸ್ಥಳ, ಉಡುಪಿ, ಹೊರನಾಡುಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಆಗ ಜೀನ್ಸಿಗಿಂತ ಪಂಚೆ, ಶಲ್ಯ ಎಷ್ಟೋ ಲಕ್ಷಣ. ಅದೇ ಪಂಚೆ ಸ್ಲೀಪರ್ ಬಸ್ಸಿನಲ್ಲಿ ಹೊದಿಕೆ, ಮಾಳಿಗೆಯ ಮೇಲೆ ಮಲಗುವಾಗ ಹಾಸಿಗೆಯ ಮೇಲಿನ ಬಟ್ಟೆ. ಲಗ್ನಕ್ಕೆ ಕೋಟು ಬೇಕೆನ್ನುವವರು ಬಿಸಿಲ ನಾಡಿನ ಮೇ ತಿಂಗಳಲ್ಲಿ ಅದನ್ನು ಎಷ್ಟು ಹೊತ್ತು ತೊಟ್ಟಾರು ಯೋಚಿಸಲಿ. ಮಕ್ಕಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಜ್ಜಿಯ ಮನೆಗೆ ಹೋದ ಮಕ್ಕಳು ಚಡ್ಡಿ, ಬನಿಯನ್ನಿನಲ್ಲಿ ದಿನ ಕಳೆಯುತ್ತಾರೆ, ಲಗ್ನಕ್ಕೊಂದು ಜೊತೆ ಇದ್ದರಾಯಿತು.

ಬಟ್ಟೆ ಯಾವುದೆಂಬುದನ್ನು ಹವೆ ನಿರ್ಧರಿಸುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ, ಅಲ್ಲಿ ಸಡಿಲ ಹತ್ತಿಯೇ ಸರಿ. ಉಡುಪಿ, ಮಂಗಳೂರಿನಲ್ಲಿ ಬಿಸಿಲಿಗಿಂತ ಬೆವರು ಹೆಚ್ಚು, ಮೈಗಂಟುವ ಪಾಲಿಯೆಸ್ಟರ್ ಬೇಡ. ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದೆ, ಮೇ ತಿಂಗಳಲ್ಲೂ ರಾತ್ರಿ ತಂಪು. ಅದಕ್ಕೆ ಸ್ವೆಟರ್ ಹೊರುವ ಬದಲು ಕುರ್ತಾದ ಮೇಲೆ ಜಾಕೀಟು, ಅದರ ಮೇಲೆ ತೆಳು ಶಾಲು ಹೊದ್ದರೆ ಸಾಕು. ಕರಾವಳಿಗೆ ಮುಂಗಾರು ಬರುವುದು ಜೂನ್ ಮೊದಲ ವಾರದಲ್ಲಿ, ಆದರೆ ಮಲೆನಾಡಿನಲ್ಲಿ ಮೇ ತಿಂಗಳಲ್ಲೇ ಅಡ್ಡಮಳೆ ಹೊಡೆಯುತ್ತದೆ. ಒದ್ದೆ ಜೀನ್ಸು ಅಲ್ಲಿ ಎರಡು ದಿನವಾದರೂ ಒಣಗದು, ತೆಳು ಹತ್ತಿ ರಾತ್ರಿಯಲ್ಲಿ ಫ್ಯಾನಿನ ಕೆಳಗೆ ಒಣಗುತ್ತದೆ. ಒಂದು ವಾರದ ಬಟ್ಟೆಯಲ್ಲಿ ತಿಂಗಳು ಕಳೆಯುವ ಗುಟ್ಟು ಇಷ್ಟೇ, ರಾತ್ರಿ ಒಗೆದು ಬೆಳಿಗ್ಗೆ ಉಡುವಂಥದ್ದನ್ನೇ ಒಯ್ಯುವುದು.

ತುಂಬುವ ಕ್ರಮ ಹೀಗಿರಲಿ. ಹತ್ತಿಯ ಬಟ್ಟೆಗಳನ್ನು ಸುರುಳಿ ಸುತ್ತಿ ತಳದಲ್ಲಿಡಿ. ರೇಷ್ಮೆಯನ್ನು ಸುರುಳಿ ಮಾಡಬೇಡಿ. ಜರಿ ಒಳಗೆ ಬರುವಂತೆ ಅಗಲವಾಗಿ ಮಡಚಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಮೇಲ್ಗಡೆ ಇಡಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೆವೆತು ಜರಿ ಕಪ್ಪಾಗುತ್ತದೆ, ಅತ್ತರು ತಾಗಿದರೂ ಅದೇ ಪಾಡು. ಚಪ್ಪಲಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಬದಿಗೆ ತುರುಕಿ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕೆಂಬುದು ನಿಯಮ. ಮುಖ್ಯವಾಗಿ, ಹೊರಡುವ ಹಿಂದಿನ ದಿನ ಅಲ್ಲ, ನಾಲ್ಕು ದಿನ ಮೊದಲೇ ಎಲ್ಲವನ್ನೂ ಮಂಚದ ಮೇಲೆ ಹರವಿ. ಪ್ರತಿ ಬಟ್ಟೆಗೂ ಕಡಿಮೆಯೆಂದರೆ ಎರಡು ಜೋಡಿ ಅಲ್ಲೇ ಸಿಗಬೇಕು. ಜೋಡಿ ಸಿಗದ್ದು ಎಷ್ಟೇ ಚೆಂದವಿದ್ದರೂ ಬೀರುವಿಗೆ ಮರಳಲಿ.

ಉಳಿಸಿದ ಒಂದೂವರೆ ಕಿಲೋ ಯಾಕೆ ಎಂದರೆ, ನಮ್ಮ ಕಡೆ ಹೆಣ್ಣುಮಗಳು ಬರಿಗೈಯಲ್ಲಿ ಹೊರಡುವ ಪದ್ಧತಿಯಿಲ್ಲ. ತವರಿನಲ್ಲಿ ಉಡಿ ತುಂಬುತ್ತಾರೆ. ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ. ಲಗ್ನದ ಮನೆಯಲ್ಲಿ ಆಯೇರಿ. ಅತ್ತೆಯ ಮನೆಯಲ್ಲಿ ಇನ್ನೊಂದು ಸೀರೆ. ಹೋಗುವಾಗಲೇ ಚೀಲ ತುಂಬಿದ್ದರೆ ಈ ಪ್ರೀತಿಯನ್ನು ಇಡಲು ಜಾಗವಿರುವುದಿಲ್ಲ. ಹಿಡಿಯಷ್ಟಾಗುವ ಮಡಚುವ ಚೀಲವೊಂದನ್ನು ತಳದಲ್ಲಿ ಹಾಕಿಕೊಳ್ಳಿ. ಬರುವಾಗ ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಗೋಕಾಕದ ಕರದಂಟು ತುಂಬಿ ವಿಮಾನದ ಲಗೇಜಿಗೆ ಕೊಡಬಹುದು, ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಹೆಚ್ಚಾಗಿ 15 ಕಿಲೋವರೆಗೆ ಬೇರೆ ಹಣವಿಲ್ಲ. ಇಡಿಯ ಕೊಬ್ಬರಿಯನ್ನು ಮಾತ್ರ ವಿಮಾನಕ್ಕೆ ಒಯ್ಯಬೇಡಿ. ಎಣ್ಣೆಯಂಶದಿಂದ ಬೆಂಕಿ ಹಿಡಿಯುವ ವಸ್ತುವೆಂದು ಅದನ್ನು ತೆಗೆದಿಡುತ್ತಾರೆ. ರೈಲಿಗೆ ಬರುವವರಿಗೆ ಆ ಚಿಂತೆಯಿಲ್ಲ. ನೀವು ಕೊಡಬೇಕಾದ ಆಯೇರಿಯನ್ನೂ ಪುಣೆಯಿಂದ ಹೊತ್ತೊಯ್ಯಬೇಡಿ. ಇಳಕಲ್, ಗುಳೇದಗುಡ್ಡಗಳು ದಾರಿಗೆ ಹತ್ತಿರವಿದ್ದರೆ ಅಲ್ಲಿಯೇ, ನೇಕಾರರ ಮನೆಯಲ್ಲೇ ಕೊಂಡು ಕೊಡಿ. ಹಣ ಮಗ್ಗದವರ ಕೈಗೆ ನೇರವಾಗಿ ಹೋಗುತ್ತದೆ, ನಿಮ್ಮ ಬೆನ್ನಿಗೂ ಭಾರವಿಲ್ಲ.

ಖಣದ ಕುಬಸ, ಜಾಕೀಟು ಹೊಲಿಸುವುದಿದ್ದರೆ ಬಟ್ಟೆಯನ್ನು ಈ ವಾರವೇ ದರ್ಜಿಗೆ ಕೊಟ್ಟುಬಿಡಿ. ಲಗ್ನಸರಾಯಿ ಶುರುವಾದ ಮೇಲೆ ಚಾಕಣದಲ್ಲಾಗಲಿ, ವಿಜಯಪುರದಲ್ಲಾಗಲಿ ಹೇಳಿದ ದಿನಕ್ಕೆ ಕುಬಸ ಕೈಗೆ ಬರುವುದು ಕಷ್ಟ.